ಪಿನ್ನಿನ ಪಾಳೇಗಾರರು

ಹೊಸೂರಿನ ಮಾರ್ಕೆಟ್ಟಿನಲ್ಲಿ ಬೀನ್ಸ್ ಮಾರುವ ಹೆಂಗಸು ಒಬ್ಬ ಗಿರಾಕಿಗೆ ಕನ್ನಡದಲ್ಲಿ ರೇಟು ಹೇಳುತ್ತಾಳೆ, ಪಕ್ಕದವನ ಜೊತೆ ತೆಲುಗಿನಲ್ಲಿ ಚೌಕಾಸಿ ಮಾಡುತ್ತಾಳೆ, ಮೂರನೆಯವನಿಗೆ ತಮಿಳಿನಲ್ಲಿ ಚಿಲ್ಲರೆ ಇಲ್ಲ ಅನ್ನುತ್ತಾಳೆ. ನಡುವೆ ಉಸಿರು ಕೂಡ ಎಳೆದುಕೊಳ್ಳುವುದಿಲ್ಲ. ಇದಕ್ಕೆ ಅವಳಿಗೆ ಯಾರೂ ಅಡಾಪ್ಟರ್ ಕೊಡಿಸಿಲ್ಲ, ಆ್ಯಪ್ ಇಳಿಸಿಕೊಟ್ಟಿಲ್ಲ, ತಿಂಗಳಿಗಿಷ್ಟು ಎಂದು ಚಂದಾ ಕಟ್ಟಿಸಿಕೊಂಡಿಲ್ಲ.

ಮೂರು ಭಾಷೆ ಒಂದೇ ತಕ್ಕಡಿಯಲ್ಲಿ ತೂಗುವ ಇದೇ ಕೃಷ್ಣಗಿರಿ ಜಿಲ್ಲೆಯಲ್ಲಿ ಮೂರು ಎಲೆಕ್ಟ್ರಿಕ್ ಸ್ಕೂಟರುಗಳು ಹುಟ್ಟುತ್ತವೆ. ಹೊಸೂರಿನಲ್ಲಿ ಏಥರ್, ಹೊಸೂರಿನಲ್ಲೇ ಟಿವಿಎಸ್ ಐಕ್ಯೂಬ್, ಎರಡು ಗಂಟೆ ದಾರಿಯೂ ಇಲ್ಲದ ಪೋಚಂಪಳ್ಳಿಯಲ್ಲಿ ಓಲಾ. ಒಂದೇ ಮಣ್ಣು, ಒಂದೇ ಕರೆಂಟು. ಆದರೆ ಓಲಾದ ಫಾಸ್ಟ್ ಚಾರ್ಜರ್ ಏಥರ್‌ಗೆ ಹಿಡಿಯುವುದಿಲ್ಲ. ಏಥರ್‌ನದು ಓಲಾಗೆ ಹಿಡಿಯುವುದಿಲ್ಲ. ಐಕ್ಯೂಬ್‌ಗೆ ಅದರದ್ದೇ ಚಾರ್ಜರ್. ಮನುಷ್ಯರು ಮೂರು ಭಾಷೆ ಕಲಿತರು. ಪಾಪ, ಸ್ಕೂಟರುಗಳು ಇನ್ನೂ ತಮ್ಮ ತಮ್ಮ ಜಾತಿಯಲ್ಲೇ ಊಟ ಮಾಡುತ್ತಿವೆ.

ಇತಿಹಾಸ ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಇದು ಬಾರಾಮಹಲ್ ಸೀಮೆ, ಬೆಟ್ಟಕ್ಕೊಂದು ಕೋಟೆ, ಕೋಟೆಗೊಬ್ಬ ಪಾಳೇಗಾರ. ಅವನ ಗಡಿ ದಾಟಬೇಕಾದರೆ ಅವನಿಗೆ ಸುಂಕ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಕೈಯಿಂದ ಈ ಸೀಮೆ ಕಂಪನಿಗೆ ಹೋಯಿತು. ಈಗ ಇನ್ನೊಂದು ಸಲ ಕಂಪನಿಗಳ ಕೈಗೆ ಬಂದಿದೆ. ವ್ಯತ್ಯಾಸ ಒಂದೇ. ಆಗ ಸುಂಕ ಕಟ್ಟಲಿಕ್ಕೆ ಜನ ಗೊಣಗುತ್ತಿದ್ದರು. ಈಗ ಮುಂಗಡ ಬುಕ್ ಮಾಡಿ, ಹಾರ ಹಾಕಿ, ಗಾಡಿಯ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಬೇರಿಗೆ ಕಡೆಯ ಒಬ್ಬ ಗುಲಾಬಿ ಬೆಳೆಗಾರರು ಶೋರೂಮೊಂದರಲ್ಲಿ ಸ್ಕೂಟರ್ ನೋಡುತ್ತಿದ್ದರು. ಯಾವ ಶೋರೂಮು ಅನ್ನುವುದು ಬೇಡ, ಎಲ್ಲ ಕಡೆಯೂ ಪಾಠ ಒಂದೇ. ಸೇಲ್ಸ್ ಹುಡುಗ ಬಣ್ಣ ತೋರಿಸಿದ, ಪರದೆ ತೋರಿಸಿದ, ಪರದೆಯಲ್ಲಿ ಹಾಡು ಹಾಕಿದ.

"ಒಳ್ಳೇದೇ ಐತೆ ಕಣಪ್ಪ. ನಮ್ಮ ತಮ್ಮನ ಮಗನತ್ರ ಬೇರೆ ಕಂಪನಿ ಗಾಡಿ ಐತೆ. ಅವನ ಚಾರ್ಜರ್ ಇದಕ್ಕೆ ಹಿಡೀತದಾ?"

"ಇಲ್ಲ ಯಜಮಾನ್ರೇ. ನಮ್ಮದು ಪ್ರೀಮಿಯಂ."

"ದಾರೀಲಿ ಬೇರೆಯೋರು ಇಟ್ಟಿರ್ತಾರಲ್ಲ, ಆ ಫಾಸ್ಟ್ ಚಾರ್ಜರು?"

"ಅದರ ಪಿನ್ನು ಬೇರೆ. ನಮ್ಮ ಆ್ಯಪ್ ಹಾಕ್ಕೊಳಿ, ನಮ್ಮ ಪಾಯಿಂಟ್ ಎಲ್ಲೆಲ್ಲಿ ಅಂತ ಅದೇ ತೋರಿಸ್ತದೆ. ನೀವಿನ್ನು ನಮ್ಮ ಫ್ಯಾಮಿಲಿ."

"ಬ್ಯಾಟರಿ ಕೆಟ್ರೆ?"

"ನಮ್ಮ ಸರ್ವೀಸ್ ಸೆಂಟರ್ ಇದೆ."

"ನಿಮ್ಮ ಸರ್ವೀಸ್ ಸೆಂಟರ್ ಮುಚ್ಚಿದ್ರೆ?"

ಹುಡುಗ ಬ್ರೋಷರ್ ತಿರುವಿದ. ಆ ಪುಟ ಅಚ್ಚಾಗಿರಲಿಲ್ಲ. "ಕಾಫಿ ತಗೋತೀರಾ?" ಅಂದ.

ಈ 'ಫ್ಯಾಮಿಲಿ' ಅನ್ನುವುದು ನಮ್ಮ ಹಳೇ ಅವಿಭಕ್ತ ಕುಟುಂಬದ ಥರದ್ದೇ. ಒಳಗೆ ಬರುವಾಗ ಆರತಿ, ಸೇರು ಒದೆಯುವ ಶಾಸ್ತ್ರ. ಪಾಲು ಕೇಳಿದ ದಿನ ಗೊತ್ತಾಗುತ್ತದೆ ಬೀಗದ ಕೈ ಯಾರ ಸೊಂಟದಲ್ಲಿದೆ ಅಂತ. ಕಂಪನಿಯವರು ಇದಕ್ಕಿಟ್ಟ ಹೆಸರು ಇಕೋಸಿಸ್ಟಂ. ಫೋನು ಅವರದೇ, ಗಡಿಯಾರ ಅವರದೇ, ಕಿವಿಗೆ ಇಡುವುದೂ ಅವರದೇ, ಚಾರ್ಜರ್ ಅವರದೇ, ರಿಪೇರಿ ಅವರದೇ. ನಿಮ್ಮದು ಅಂತ ಇರುವುದು ಇಎಂಐ ಒಂದೇ.

ಹೊಂದದ ಪಿನ್ನಿಗೆ ಈ ಜಿಲ್ಲೆ ಹಿಂದೆಯೂ ತಲೆ ಕೊಟ್ಟಿದೆ. ಕಳೆದ ಶತಮಾನದ ಆರಂಭದಲ್ಲಿ, ಬರಗಾಲದ ನೆಪದಲ್ಲಿ, ಬ್ರಿಟಿಷರು ಇಲ್ಲಿ ಪುಟಾಣಿ ರೈಲು ಹಾಕಿಸಿದರು. ತಿರುಪ್ಪತ್ತೂರಿನಿಂದ ಕೃಷ್ಣಗಿರಿಗೆ ಒಂದು. ಮೊರಪ್ಪೂರಿನಿಂದ ಧರ್ಮಪುರಿಗೆ ಇನ್ನೊಂದು. 1913ರಲ್ಲಿ ಅದನ್ನು ಹೊಸೂರಿನವರೆಗೂ ಎಳೆದರು. ಹಳಿಯ ಅಗಲ ಎರಡೂವರೆ ಅಡಿ. ಮೊರಪ್ಪೂರಿನಲ್ಲಿ ಅದು ಸೇರುತ್ತಿದ್ದ ಮದ್ರಾಸ್ ಲೈನಿನ ಅಗಲ ಐದೂವರೆ ಅಡಿ. ಅಂದರೆ ಹೊಸೂರಿನಲ್ಲಿ ಹತ್ತಿಸಿದ ಮೂಟೆಯನ್ನು ಮೊರಪ್ಪೂರಿನಲ್ಲಿ ಇಳಿಸಿ, ಹೊತ್ತು, ಇನ್ನೊಂದು ರೈಲಿಗೆ ಹತ್ತಿಸಬೇಕು. ಹಳಿ ಹಾಕುವಾಗ ಉಳಿಸಿದ ದುಡ್ಡನ್ನು ಆಮೇಲೆ ಪ್ರತಿ ಮೂಟೆಯ ಮೇಲೂ ತೆತ್ತರು. ರಸ್ತೆ ಸುಧಾರಿಸಿ ಬಸ್ಸು, ಲಾರಿ ಬಂದ ಮೇಲೆ ಯಾರಿಗೆ ಬೇಕಿತ್ತು ಈ ಇಳಿಸಿ ಹತ್ತಿಸುವ ಕರ್ಮ? 1930ರ ದಶಕದಲ್ಲಿ ಕೃಷ್ಣಗಿರಿಯ ಲೈನು ಮುಚ್ಚಿತು, 1941ರಲ್ಲಿ, ಯುದ್ಧದ ನಡುವೆ, ಹೊಸೂರಿನದೂ ಹೋಯಿತು. ಆಮೇಲೆ ಹೊಸೂರಿನ ಮೇಲೆ ಬಂದ ಬೆಂಗಳೂರು–ಸೇಲಂ ಮಾರ್ಗವೂ ಮೀಟರ್‌ಗೇಜ್, ಮತ್ತೊಂದು ಅಳತೆ. 1990ರ ದಶಕದಲ್ಲಿ ಅದನ್ನೂ ಕಿತ್ತು ಬ್ರಾಡ್‌ಗೇಜ್ ಹಾಕಿದರು. ದೇಶದ ಹಳಿಗಳೆಲ್ಲ ಒಂದೇ ಅಗಲ ಇರಲಿ ಎಂದು ರೈಲ್ವೆಗೆ ಹೊಳೆದು ಯೂನಿಗೇಜ್ ಯೋಜನೆ ಶುರುವಾದದ್ದು 1992ರಲ್ಲಿ. ಜಿಲ್ಲಾ ಕೇಂದ್ರವಾದ ಕೃಷ್ಣಗಿರಿ ಪಟ್ಟಣಕ್ಕೆ ಇವತ್ತಿಗೂ ರೈಲಿಲ್ಲ. ಸರ್ವೇ ಮಾತ್ರ ಚುನಾವಣೆಗೊಮ್ಮೆ ಬಂದು ಹೋಗುತ್ತದೆ.

ಎಲ್ಲ ಕಂಪನಿಗಳನ್ನೂ ಒಂದೇ ಕೋಲಿನಲ್ಲಿ ಹೊಡೆಯುವುದು ನ್ಯಾಯವಲ್ಲ. 2021ರ ಆಗಸ್ಟ್ ತಿಂಗಳನ್ನು ನೋಡಿ. 15ನೇ ತಾರೀಖು, ಸ್ವಾತಂತ್ರ್ಯ ದಿನ, ಓಲಾ ತನ್ನ ಎಸ್1 ಸ್ಕೂಟರ್ ಬಿಡುಗಡೆ ಮಾಡಿತು. ಅದೇ ತಿಂಗಳು ಏಥರ್ ತನ್ನ ಚಾರ್ಜಿಂಗ್ ಕನೆಕ್ಟರಿನ ವಿನ್ಯಾಸವನ್ನು ಬೇಕಾದ ಕಂಪನಿ ಬಳಸಿಕೊಳ್ಳಲಿ, ಕಾಸು ಬೇಡ ಎಂದಿತು. ಹೀರೊ ಕಂಪನಿಯ ವಿಡಾ ಬಳಸಿಕೊಂಡಿತು. 2023ರ ಅಕ್ಟೋಬರಿನಲ್ಲಿ ಭಾರತೀಯ ಮಾನಕ ಬ್ಯೂರೊ, ಅಂದರೆ ಒಡವೆಗೂ ಹೆಲ್ಮೆಟ್ಟಿಗೂ ಮುದ್ರೆ ಒತ್ತುವ ಅದೇ ಬಿಐಎಸ್, ಹಗುರ ವಾಹನಗಳಿಗೆ ಎಸಿ, ಡಿಸಿ ಎರಡೂ ಸೇರಿದ ಕನೆಕ್ಟರಿಗೆ ರಾಷ್ಟ್ರೀಯ ಮಾನಕ ಹೊರಡಿಸಿತು. ಅದರ ಬುಡದಲ್ಲಿರುವುದು ಈ ಹೊಸೂರಿನ ಗಾಡಿಯ ಪಿನ್ನೇ. ಮಾನಕ ಬಂತು, ಕಡ್ಡಾಯ ಬರಲಿಲ್ಲ. ನಮ್ಮಲ್ಲಿ ಕಾಯ್ದೆ ಮದುವೆ ಊಟಕ್ಕೆ ಕರೆದ ಹಾಗೆ ಬರುತ್ತದೆ: ಬಂದರೆ ಸಂತೋಷ, ಬರದಿದ್ದರೆ ಬೇಜಾರಿಲ್ಲ.

ಏಥರ್ ಇದನ್ನು ಪುಣ್ಯ ಬರಲಿ ಅಂತ ಮಾಡಿತು ಎಂದು ಕೈ ಮುಗಿಯಬೇಕಿಲ್ಲ. ತಾನು ನೆಟ್ಟ ಚಾರ್ಜರಿಗೆ ಹತ್ತು ಕಂಪನಿಯ ಗಾಡಿ ಬಂದರೆ ಚಾರ್ಜರ್ ಖಾಲಿ ನಿಲ್ಲುವುದಿಲ್ಲ, ಅದು ವ್ಯಾಪಾರ. ಅಮೆರಿಕದ ಟೆಸ್ಲಾ ಕೂಡ ವರ್ಷಗಟ್ಟಲೆ ತನ್ನ ಪಿನ್ನನ್ನು ಮುಚ್ಚಿಟ್ಟುಕೊಂಡು, 2022ರ ನವೆಂಬರಿನಲ್ಲಿ ಇದ್ದಕ್ಕಿದ್ದಂತೆ ಉದಾರಿಯಾಗಿ ಎಲ್ಲರೂ ಬಳಸಿ ಅಂದಿತು. 2023ರ ಮೇ ತಿಂಗಳಲ್ಲಿ ಫೋರ್ಡ್ ಒಪ್ಪಿಕೊಂಡಿತು, ಮಿಕ್ಕವರು ಸಾಲುಗಟ್ಟಿದರು. ಕಂಪನಿಗೆ ಒಳ್ಳೆ ಬುದ್ಧಿ ಬರುವುದು ದೇವರಿಂದಲ್ಲ, ಲೆಕ್ಕದ ಪುಸ್ತಕದಿಂದ. ಬರಲಿ, ಎಲ್ಲಿಂದಾದರೂ ಬರಲಿ. ಆ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಬರೆಯುವ ಪೆನ್ನು ನಮ್ಮ ಕೈಯಲ್ಲಿದೆ, ಅದನ್ನು ನಾವು ಮರೆತಿದ್ದೇವೆ.

"ಬೇರೆಯವರ ಚಾರ್ಜರ್ ಹಾಕಿದರೆ ಬೆಂಕಿ ಹತ್ತುತ್ತದೆ ಸಾರ್, ನಿಮ್ಮ ಸುರಕ್ಷತೆಗಾಗಿಯೇ ಈ ಬೀಗ" ಎಂಬ ವಾದ ಒಂದಿದೆ. ಕೇಳಲಿಕ್ಕೆ ಕಣ್ಣು ತುಂಬಿ ಬರುತ್ತದೆ. ಅಡುಗೆ ಮನೆಗೆ ಹೋಗಿ ನೋಡಿ. ಸಿಲಿಂಡರಿನೊಳಗೆ 14.2 ಕಿಲೋ ಗ್ಯಾಸ್ ಇದೆ. ಬೆಂಕಿಯ ವಿಷಯದಲ್ಲಿ ಅದು ಸ್ಕೂಟರಿಗಿಂತ ಸಾತ್ವಿಕವೇನಲ್ಲ. ಇಂಡೇನ್, ಭಾರತ್, ಎಚ್‌ಪಿ ಮೂರಕ್ಕೂ ಒಂದೇ ಅಳತೆಯ ರೆಗ್ಯುಲೇಟರ್ ಕೂರುತ್ತದೆ. ಪಕ್ಕದ ಮನೆಯ ಸಿಲಿಂಡರ್ ಎರವಲು ತಂದು ಒಗ್ಗರಣೆ ಹಾಕಿದ್ದೇವೆ, ಬದುಕಿದ್ದೇವೆ. ಅಳತೆ ಬಹಿರಂಗವಾಗಿದ್ದರೆ, ಪರೀಕ್ಷೆ ಮಾಡಿ ಮುದ್ರೆ ಒತ್ತುವವರಿದ್ದರೆ, ಅದೇ ಸುರಕ್ಷತೆ. ಗುಟ್ಟಾಗಿಟ್ಟ ಪಿನ್ನಿನಿಂದ ಸುರಕ್ಷಿತವಾಗಿರುವುದು ಕಂಪನಿಯ ಲಾಭ.

ಇನ್ನು, ಮನೆಯಲ್ಲಿ ಗಾಡಿ ಚಾರ್ಜಿಗೆ ಹಾಕುವಾಗ ಚಾರ್ಜರಿನ ಇನ್ನೊಂದು ತುದಿ ಎಲ್ಲಿಗೆ ಹೋಗುತ್ತದೆ? ಗೋಡೆಯ ಮೂರು ತೂತಿನ ಸಾಕೆಟ್ಟಿಗೆ. ಆ ಸಾಕೆಟ್ ಯಾವ ಕಂಪನಿಯದೂ ಅಲ್ಲ, ಅದಕ್ಕೂ ಒಂದು ಭಾರತೀಯ ಮಾನಕ ಇದೆ. ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಗ್ರೈಂಡರ್ ಎಲ್ಲವೂ ಅಂಥ ಸಾಕೆಟ್ಟಿಗೇ ಬರುತ್ತವೆ. ಭವಿಷ್ಯದಿಂದ ಬಂದ ವಾಹನ ಅಂತ ಜಾಹೀರಾತು ಕೊಡುವ ಗಾಡಿ ಕೊನೆಗೆ ಹಸಿದು ಬರುವುದು ಅಜ್ಜನ ಕಾಲದ ಮೂರು ತೂತಿನ ಮುಂದೆ. ಆ ತುದಿಯಲ್ಲಿ ಬೀಗ ಹಾಕಲಿಕ್ಕೆ ಅವರಿಗೆ ಅವಕಾಶ ಸಿಕ್ಕಿಲ್ಲ, ಅಷ್ಟೇ. ಸಿಕ್ಕಿದ್ದರೆ ಗೋಡೆಗೂ ಒಂದು ಆ್ಯಪ್ ಬರುತ್ತಿತ್ತು.

ನಾವು ಗಮನಿಸದೆಯೇ ಉಣ್ಣುತ್ತಿರುವ ಸುಖ ಇನ್ನೊಂದಿದೆ. ಬೆಂಗಳೂರಿನಿಂದ ಕೃಷ್ಣಗಿರಿಗೆ ಕಾರಿನಲ್ಲಿ ಬನ್ನಿ. ಅತ್ತಿಬೆಲೆಯಲ್ಲಿ ಟೋಲು, ಕೃಷ್ಣಗಿರಿಯಲ್ಲಿ ಟೋಲು. ಗಾಜಿನ ಮೇಲಿನ ಫಾಸ್ಟ್ಯಾಗ್ ಯಾವ ಬ್ಯಾಂಕಿನದಾದರೂ ಎರಡೂ ಕಡೆ ಗೇಟು ಏಳುತ್ತದೆ. ಪಿನ್ನಿನ ಪಾಳೇಗಾರರ ಕೈಗೆ ಇದು ಸಿಕ್ಕಿದ್ದರೆ ಏನಾಗುತ್ತಿತ್ತು ಯೋಚಿಸಿ. ಅತ್ತಿಬೆಲೆಗೊಂದು ಚೀಟಿ, ಕೃಷ್ಣಗಿರಿಗೊಂದು ಚೀಟಿ, ವೆಲ್ಲೂರು ದಾಟಲಿಕ್ಕೆ ಗೋಲ್ಡ್ ಪ್ಯಾಕ್. ಗಾಜಿನ ತುಂಬ ಚೀಟಿ ಅಂಟಿಸಿಕೊಂಡು ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಗಾಡಿ ಓಡಿಸಬೇಕಿತ್ತು.

ಇಂಥ ತೆರೆದ ವ್ಯವಸ್ಥೆಯ ಬೆಲೆ ಗೊತ್ತಾಗುವುದು ಕಂಪನಿಗೆ ಗ್ರಹಣ ಹಿಡಿದಾಗ. ಕ್ಯೂಆರ್ ಕೋಡುಗಳೂ ಮೊದಲು ಒಬ್ಬೊಬ್ಬರದು ಒಂದೊಂದಾಗಿದ್ದವು. ಒಂದೇ ಎಳನೀರು ಗಾಡಿಗೆ ಮೂರು ಚೌಕ ಅಂಟಿರುತ್ತಿದ್ದವು, ಯಾವುದಕ್ಕೆ ಯಾವ ಆ್ಯಪ್ ಎಂದು ಹುಡುಕಬೇಕಿತ್ತು. 2020ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ತಡೆಯಿತು: ಹೊಸದಾಗಿ ಸ್ವಂತದ ಮುಚ್ಚಿದ ಕೋಡು ತರುವಂತಿಲ್ಲ, ಇರುವುದನ್ನು 2022ರ ಮಾರ್ಚ್ 31ರೊಳಗೆ ಎಲ್ಲರಿಗೂ ಹೊಂದುವ ಕೋಡಿಗೆ ಬದಲಿಸಿ. 2024ರ ಜನವರಿ 31ರಂದು ಅದೇ ರಿಸರ್ವ್ ಬ್ಯಾಂಕ್ ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಮೇಲೆ ನಿರ್ಬಂಧ ಹಾಕಿತು; ಮಾರ್ಚ್ 15ರ ನಂತರ ಅದರ ಖಾತೆಗೆ, ಫಾಸ್ಟ್ಯಾಗಿಗೆ ದುಡ್ಡು ತುಂಬುವಂತಿಲ್ಲ ಎಂದಿತು. ಆಗ ಏನಾಯಿತು? ಜನ ಇನ್ನೊಂದು ಬ್ಯಾಂಕಿನ ಫಾಸ್ಟ್ಯಾಗ್ ಅಂಟಿಸಿಕೊಂಡರು. ಪೇಟಿಎಂ ಆ್ಯಪ್ ಬೇರೆ ಬ್ಯಾಂಕುಗಳ ಹೆಗಲೇರಿ ಯುಪಿಐ ನಡೆಸಿತು. ಟೋಲ್ ಗೇಟು ಎದ್ದಿತು, ಎಳನೀರು ಮಾರಾಟವಾಯಿತು. ಕಂಪನಿಗೆ ಆದದ್ದು ಕಂಪನಿಗೇ ಉಳಿಯಿತು, ಊರಿಗೆ ತಟ್ಟಲಿಲ್ಲ.

ಮುಚ್ಚಿದ ಮನೆಯಲ್ಲಿ ಹೀಗಾಗುವುದಿಲ್ಲ. ಮೈಕ್ರೊಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿತು. ದುಡ್ಡು ವಾಪಸ್ ಕೊಟ್ಟಿತು, ಮರ್ಯಾದೆಯ ಮಾತು. ಆದರೆ ಜನ ಕೊಂಡ ಪುಸ್ತಕಗಳು ಮಾಯವಾದವು. ಕಾಗದದ ಪುಸ್ತಕವನ್ನು ಹಾಗೆ ವಾಪಸ್ ಒಯ್ಯುವ ಧೈರ್ಯ ಗೆದ್ದಲಿಗೆ ಮಾತ್ರ ಇದೆ.

ಐಫೋನಿನ ಮಾತಿಲ್ಲದೆ ಹೊಸೂರಿನ ಲೇಖನ ಮುಗಿಯುವುದಿಲ್ಲ. ಅದರ ಹೊರಮೈ ಇಲ್ಲೇ, ಟಾಟಾ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ, ಸಾವಿರಾರು ಹೆಣ್ಣುಮಕ್ಕಳ ಕೈಯಲ್ಲಿ ತಯಾರಾಗುತ್ತದೆ. 2012ರಿಂದ 2023ರವರೆಗೆ ಆ್ಯಪಲ್ ತನ್ನ ಫೋನಿಗೆ ಲೈಟ್ನಿಂಗ್ ಎಂಬ ಸ್ವಂತ ಪಿನ್ನು ಇಟ್ಟುಕೊಂಡಿತ್ತು. ಬಸ್ಸಿನಲ್ಲಿ ಚಾರ್ಜರ್ ಕೇಳಿದರೆ ನೂರು ಜನರ ಹತ್ತಿರ ಇರುವುದು ಅದಕ್ಕೆ ಹೊಂದದು. ಆ ಒಂಟಿತನಕ್ಕೆ ಅಂತಸ್ತು ಎಂದು ಹೆಸರು. ಯುರೋಪಿಯನ್ ಒಕ್ಕೂಟ ಕಾನೂನು ತಂದಿತು, 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆಲ್ಲ ಟೈಪ್-ಸಿ ಎಂದಿತು. ಹನ್ನೊಂದು ವರ್ಷ ಅಸಾಧ್ಯವಾಗಿದ್ದದ್ದು 2023ರ ಸೆಪ್ಟೆಂಬರಿನಲ್ಲಿ, ಐಫೋನ್ 15ರಲ್ಲಿ, ಸಾಧ್ಯವಾಯಿತು. ವೇದಿಕೆಯ ಮೇಲೆ ಅದನ್ನು ಹೊಸ ಸೌಲಭ್ಯ ಎಂದು ತೋರಿಸಿದರು. ಪೊಲೀಸರು ಹಿಡಿದುಕೊಂಡು ಬಂದವನು ತಾನೇ ಠಾಣೆಗೆ ಭೇಟಿ ಕೊಟ್ಟೆ ಅಂದ ಹಾಗಾಯಿತು.

ಅದಕ್ಕೆ ಒಂದು ವರ್ಷ ಹಿಂದೆ, 2022ರ ಸೆಪ್ಟೆಂಬರಿನಲ್ಲಿ, ಕ್ಯಾಲಿಫೋರ್ನಿಯಾದ ಒಂದು ಸಭೆಯಲ್ಲಿ ಒಬ್ಬರು ಆ್ಯಪಲ್‌ನ ಟಿಮ್ ಕುಕ್ ಅವರನ್ನು ಕೇಳಿದರು: ಅಮ್ಮನ ಫೋನು ಬೇರೆ, ನಾನು ಕಳಿಸಿದ ಕೆಲವು ವಿಡಿಯೊ ಅವರಿಗೆ ಸರಿಯಾಗಿ ಹೋಗುವುದಿಲ್ಲ. ಅಮ್ಮನಿಗೂ ಒಂದು ಐಫೋನ್ ಕೊಡಿಸಿ ಎಂಬುದು ಕುಕ್ ಕೊಟ್ಟ ಪರಿಹಾರ. ಜನ ನಕ್ಕರು. ಡೆಂಕಣಿಕೋಟೆಯ ಅವ್ವ ನಗುವುದಿಲ್ಲ. ಒಂದು ವಿಡಿಯೊ ನೋಡಲಿಕ್ಕೆ ಎರಡು ಹಸು ಮಾರಬೇಕಾ ಅಂತ ಕೇಳುತ್ತಾಳೆ. ಬೇರೆ ಫೋನುಗಳಿಗೂ ಚಿತ್ರ, ವಿಡಿಯೊ ಸರಿಯಾಗಿ ಹೋಗುವ ಆರ್‌ಸಿಎಸ್ ಪದ್ಧತಿಯನ್ನು 2024ರ ಸೆಪ್ಟೆಂಬರಿನಲ್ಲಿ ಆ್ಯಪಲ್ ಒಪ್ಪಿಕೊಂಡಿತು. ಅಂತೂ ಹಸು ಉಳಿಯಿತು.

ಇದೆಲ್ಲ ದುಡ್ಡಿರುವವರ ಗೋಳು, ಕನ್ನಡಕ್ಕೇನು ಸಂಬಂಧ ಅನ್ನುವವರು ಹೊಸೂರಿನ ಯಾವುದಾದರೂ ಡಿಟಿಪಿ ಅಂಗಡಿಯಲ್ಲಿ ಅರ್ಧ ಗಂಟೆ ಕೂರಲಿ. ತಳಿ, ಕೆಲಮಂಗಲ, ಸೂಳಗಿರಿ ಕಡೆಯವರು ಲಗ್ನಪತ್ರಿಕೆಯನ್ನು ಕನ್ನಡದಲ್ಲಿ ಮಾಡಿಸುತ್ತಾರೆ. ಆನೇಕಲ್ಲಿನ ನೆಂಟರು ಮೇಲ್‌ನಲ್ಲಿ ಕಳಿಸಿದ ಫೈಲು ತೆಗೆದರೆ ಮದುಮಗನ ಹೆಸರಿನ ಜಾಗದಲ್ಲಿ ಕೊಂಬು, ಬಾಲ, ಟೋಪಿ ಹಾಕಿಕೊಂಡ ರೋಮನ್ ಅಕ್ಷರಗಳ ದಿಬ್ಬಣ. ಅಲ್ಲಿ ಒಂದು ಫಾಂಟು, ಇಲ್ಲಿ ಇನ್ನೊಂದು. "ನುಡೀದಾ, ಶ್ರೀಲಿಪೀದಾ ಕೇಳಿ ಸಾರ್" ಅನ್ನುತ್ತಾನೆ ಹುಡುಗ. ಮುಹೂರ್ತ ಹತ್ತಿರ ಬಂದಿದೆ. ಕೊನೆಗೆ ಪತ್ರಿಕೆಯ ಫೋಟೊ ವಾಟ್ಸ್ಆ್ಯಪಿನಲ್ಲಿ ತರಿಸಿ, ಅದನ್ನು ನೋಡಿಕೊಂಡು, ಅಜ್ಜ ಅಜ್ಜಿ ಚಿಕ್ಕಪ್ಪ ದೊಡ್ಡಪ್ಪ ಎಲ್ಲರನ್ನೂ ಮತ್ತೆ ಮೊದಲಿಂದ ಟೈಪ್ ಮಾಡುತ್ತಾನೆ. ಅಷ್ಟರಲ್ಲಿ ಒಬ್ಬ ದೊಡ್ಡಪ್ಪ ಬಿಟ್ಟುಹೋಗಿ ಮದುವೆ ಮನೆಯಲ್ಲಿ ಜಗಳ.

ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಪಟ್ಟಿಯಾದ ಯೂನಿಕೋಡ್ 1991ರಲ್ಲಿ ಮೊದಲು ಅಚ್ಚಾದಾಗಲೇ ಅದರಲ್ಲಿ ಕನ್ನಡಕ್ಕೆ ಜಾಗವಿತ್ತು. ನಾವು ಮಾತ್ರ ಆಮೇಲೂ ಎಷ್ಟೋ ವರ್ಷ ಶ್ರೀಲಿಪಿ, ಆಕೃತಿ, ಪ್ರಕಾಶಕ್ ಎಂದು ಒಂದೊಂದು ಮನೆಗೂ ಬೇರೆ ಬೇರೆ ಸಂಕೇತ ಇಟ್ಟುಕೊಂಡು ಬರೆದೆವು. ಪುಕ್ಕಟೆ ಸಿಗುತ್ತಿದ್ದ ನುಡಿಯ ಹಳೆಯ ಫಾಂಟುಗಳಲ್ಲಿ ಕೂಡಿಸಿದ್ದನ್ನು ಓದಲಿಕ್ಕೂ ಆ ಫಾಂಟೇ ಬೇಕಿತ್ತು. ಕಾಸು ಕೇಳಲಿಲ್ಲ ಅಂದ ಮಾತ್ರಕ್ಕೆ ಬಾಗಿಲು ತೆರೆದಿದೆ ಅಂತಲ್ಲ. ಹಾಗೆ ಕೂಡಿಸಿಟ್ಟ ಪುಸ್ತಕ, ಪತ್ರಿಕೆ, ಸರ್ಕಾರಿ ಕಡತಗಳನ್ನು ಯೂನಿಕೋಡಿಗೆ ತರುವ ಕೆಲಸ ಇನ್ನೂ ಮುಗಿದಿಲ್ಲ, ತರುವಾಗ ಒತ್ತಕ್ಷರ ಉದುರಿದ ಪುಟಗಳನ್ನು ಓದುಗರು ನೋಡಿಯೇ ಇದ್ದಾರೆ. ಇದೇ ಕಥೆಯಲ್ಲಿ ಕೆ.ಪಿ. ರಾವ್ ಎಂಬ ಹಿರಿಯರೂ ಇದ್ದಾರೆ. ಕನ್ನಡಕ್ಕೆ ಅವರು ರೂಪಿಸಿದ ಕೀಲಿಮಣೆ ವಿನ್ಯಾಸಕ್ಕೆ ಬೀಗ ಹಾಕಲಿಲ್ಲ. ನುಡಿ ಬಂದಾಗ ಅದೇ ಕೀಲಿಮಣೆ, ಯೂನಿಕೋಡ್ ಬಂದಾಗಲೂ ಅದೇ ಕೀಲಿಮಣೆ. ಫಾಂಟು ಹೋದವು, ಬೆರಳಿನ ಅಭ್ಯಾಸ ಉಳಿಯಿತು.

ಮುಚ್ಚಿದ ವ್ಯವಸ್ಥೆಯಲ್ಲಿ ಸುಖವೇ ಇಲ್ಲ ಅಂದರೆ ಸುಳ್ಳಾದೀತು. ಎಲ್ಲ ಒಂದೇ ಮನೆಯದಾದರೆ ಗಡಿಯಾರ ಫೋನಿಗೆ ತಾನಾಗಿ ಅಂಟಿಕೊಳ್ಳುತ್ತದೆ, ಪರದೆ ಅಂದವಾಗಿರುತ್ತದೆ, ಯಾವುದಕ್ಕೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ತೆರೆದ ಮಾನಕದಲ್ಲಿ ಸಮಿತಿ, ಸಭೆ, ಉಪಸಮಿತಿ, ತಿಂಡಿ. ಹೊರಬರುವ ಹೊತ್ತಿಗೆ ಅರ್ಧ ಮಾರ್ಕೆಟ್ ಮುಗಿದಿರುತ್ತದೆ. ಒಪ್ಪಿದೆ. ಆದರೆ ಆ ಸುಖ ಇರುವುದು ಗಾಡಿ ಹೊಸದಿರುವ ತನಕ. ಹೊಸೂರಿನಲ್ಲೇ 1980ರಲ್ಲಿ ಹೊರಬಂದ ಟಿವಿಎಸ್ 50 ಮೊಪೆಡನ್ನು ನೆನಪಿಸಿಕೊಳ್ಳಿ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಮೇಲೊಬ್ಬ ಮಾವ, ಎಲ್ಲ ಹೊತ್ತಿತು. ನಿಂತರೆ ಸೂಳಗಿರಿಯ ಹುಣಸೇಮರದ ಕೆಳಗಿನ ಮೆಕ್ಯಾನಿಕ್ ಪ್ಲಗ್ ಬಿಚ್ಚಿ, ಎಮರಿ ಪೇಪರಿನಲ್ಲಿ ತಿಕ್ಕಿ, ಊದಿ, ಹಾಕಿ, ಪೆಡಲ್ ತುಳಿದು ಕೊಡುತ್ತಿದ್ದ. ಪ್ಲಗ್ಗು, ಟೈರು, ಟ್ಯೂಬು, ಬೇರಿಂಗು ಸಿಗದ ಅಂಗಡಿ ಇರಲಿಲ್ಲ. ಈಗ ಅದೇ ಮೆಕ್ಯಾನಿಕ್ಕಿನ ಮುಂದೆ ಕೆಟ್ಟ ಎಲೆಕ್ಟ್ರಿಕ್ ಸ್ಕೂಟರ್ ನಿಲ್ಲಿಸಿ ನೋಡಿ. ಸ್ಪ್ಯಾನರ್ ಹಿಡಿದು ಒಂದು ಸುತ್ತು ಬರುತ್ತಾನೆ. ಬೋಲ್ಟ್ ಬಿಚ್ಚಬಲ್ಲ, ಒಳಗಿನ ತಂತ್ರಾಂಶ ಕಂಪನಿಯ ಲ್ಯಾಪ್‌ಟಾಪಿಗೆ ಮಾತ್ರ ಬಾಯಿ ಬಿಡುತ್ತದೆ. "ಹಳೇ ಗಾಡಿ ಮಾರಿಬಿಟ್ರಾ ಅಣ್ಣಾ?" ಅಂತ ಅನುಕಂಪದಿಂದ ಕೇಳುತ್ತಾನೆ.

ಅದಕ್ಕೇ ಹೇಳುವುದು, ಮುಂದಿನ ಹಬ್ಬದ ಆಫರಿಗೆ ಶೋರೂಮು ಹತ್ತಿದಾಗ ಬಣ್ಣ ಆಮೇಲೆ ನೋಡಿ. ಮೊದಲು ಕೇಳಿ: ಬೇರೆ ಕಂಪನಿಯ ಫಾಸ್ಟ್ ಚಾರ್ಜರ್ ಇದಕ್ಕೆ ಹಿಡಿಯುತ್ತದಾ? ಪಿನ್ನು ಬಿಐಎಸ್ ಮಾನಕದ್ದಾ? ಹೊರಗಿನ ಮೆಕ್ಯಾನಿಕ್ ಮುಟ್ಟಿದರೆ ವಾರಂಟಿ ಏನಾಗುತ್ತದೆ? ನಿಮ್ಮ ಆ್ಯಪ್ ನಿಂತರೆ ಗಾಡಿ ನಿಲ್ಲುತ್ತದಾ? ಫೋನು, ಟಿವಿ, ಸೆಟ್‌ಟಾಪ್ ಬಾಕ್ಸು, ಪ್ರಿಂಟರು, ಏನೇ ಕೊಂಡರೂ ಇದೇ ಪ್ರಶ್ನೆ. ಉತ್ತರವನ್ನು ಬಿಲ್ಲಿನ ಹಿಂದೆ ಬರೆಸಿ, ಸೀಲು ಹಾಕಿಸಿಕೊಳ್ಳಿ. ಬರೆದುಕೊಡಲು ಒಲ್ಲೆ ಅಂದರೆ, ಹೆಲ್ಮೆಟ್ ಪುಕ್ಕಟೆ ಕೊಟ್ಟರೂ ಎದ್ದು ಬನ್ನಿ. ಬಾಗಲೂರು ರಸ್ತೆಯಲ್ಲಿ ಶೋರೂಮುಗಳಿಗೆ ಬರವಿಲ್ಲ.